ಅಮೆರಿಕದ ಅಂತರ್ಯುದ್ಧಕ್ಕೆ ನಿಜವಾದ ಕಾರಣ ಗುಲಾಮಗಿರಿಯೇ?

ಪ್ರಶ್ನೆ: ಅಮೆರಿಕದ ಅಂತರ್ಯುದ್ಧ ಗುಲಾಮಗಿರಿಯಿಂದಾಗಿ ನಡೆಯಿತು ಅಂತ ಶಾಲೆಯಲ್ಲಿ ಓದಿದ್ದೆವು. ಅಲ್ಲ, ಅದು ರಾಜ್ಯಗಳ ಹಕ್ಕು ಮತ್ತು ಸುಂಕದ ಜಗಳ ಅಂತಲೂ ಕೆಲವರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಶಾಲೆಯಲ್ಲಿ ಓದಿದ್ದೇ ಸರಿ. ದಕ್ಷಿಣದ ರಾಜ್ಯಗಳು ಗುಲಾಮಗಿರಿ ಉಳಿಸಿಕೊಳ್ಳಲೆಂದೇ ಒಕ್ಕೂಟ ಬಿಟ್ಟವು. ಹಾಗಂತ ಅವರೇ ಬರೆದಿಟ್ಟಿದ್ದಾರೆ.

1860ರ ಡಿಸೆಂಬರ್ 20ರಂದು ಮೊದಲು ಹೊರಬಿದ್ದದ್ದು ಸೌತ್ ಕೆರೊಲಿನಾ. ಅದರ ಘೋಷಣೆಯಲ್ಲಿನ ದೊಡ್ಡ ದೂರು ಏನು ಗೊತ್ತಾ? ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದು ಒಪ್ಪಿಸುತ್ತಿಲ್ಲ ಅನ್ನುವುದು. ಮಿಸಿಸಿಪಿ ಇನ್ನೂ ನೇರ: ತನ್ನ ನಿಲುವು ಗುಲಾಮಗಿರಿಯ ಜೊತೆಗೇ ಬೆಸೆದುಕೊಂಡಿದೆ ಎಂದು ಸಾರಿತು. ದಕ್ಷಿಣದವರು ಕಟ್ಟಿಕೊಂಡ ಹೊಸ ಸಂವಿಧಾನವಂತೂ, ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಕಾನೂನನ್ನು ಅವರ ಸಂಸತ್ತು ಮಾಡಲೇಬಾರದು ಎಂದು ಕಟ್ಟು ಹಾಕಿತು.

ರಾಜ್ಯಗಳ ಹಕ್ಕಿನ ಮಾತು ಇಲ್ಲೇ ಕುಸಿಯುತ್ತದೆ. ಗುಲಾಮರನ್ನು ಹಿಡಿಯಲು ನೆರವಾಗುವುದಿಲ್ಲ ಎಂದು ಕಾನೂನು ಮಾಡಿಕೊಂಡ ಉತ್ತರದ ರಾಜ್ಯಗಳು ತಮ್ಮ ಹಕ್ಕನ್ನೇ ಬಳಸಿದ್ದವು, ಅಲ್ವಾ? ಅದನ್ನು ಮುರಿಯಲು ಕೇಂದ್ರದ ಬಲ ಬೇಕು ಎಂದು ಹಟ ಹಿಡಿದವರು ದಕ್ಷಿಣದವರು. ಓಡಿಹೋದವರನ್ನು ಹಿಡಿದು ಒಪ್ಪಿಸಲೇಬೇಕು ಎಂಬ ಕೇಂದ್ರದ 1850ರ ಕಾನೂನು ಬಂದದ್ದೇ ಹಾಗೆ. ಇನ್ನು ಸುಂಕ: 1857ರಲ್ಲಿ ಸುಂಕ ಇಳಿದಿತ್ತು. ಅದನ್ನು ಏರಿಸಿದ ಕಾನೂನು ಪಾಸಾದದ್ದು 1861ರ ಮಾರ್ಚ್‌ನಲ್ಲಿ, ಏಳು ರಾಜ್ಯಗಳು ಹೋದ ಮೇಲೆ.

ಎರಡು ಸೀಮೆಗಳ ನಡುವೆ ಬೇರೆ ಅಂತರಗಳೂ ಇದ್ದವು. ಉತ್ತರದಲ್ಲಿ ಕಾರ್ಖಾನೆ, ರೈಲು, ಯುರೋಪಿನಿಂದ ಬಂದ ಕೂಲಿಗಾರರು ಜಾಸ್ತಿ. ದಕ್ಷಿಣದಲ್ಲಿ ಹತ್ತಿ. 1793ರಲ್ಲಿ ಎಲೈ ವಿಟ್ನಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಮಾಡಿದ ಮೇಲೆ ಹೊಲಗಳು ಹಬ್ಬುತ್ತಲೇ ಹೋದವು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ರ ಹೊತ್ತಿಗೆ ಸುಮಾರು 40 ಲಕ್ಷ ಆಗಿದ್ದರು. ದೇಶದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯದೇ. ಗಂಡನನ್ನು ಒಬ್ಬನಿಗೆ, ಮಗುವನ್ನು ಇನ್ನೊಬ್ಬನಿಗೆ ಮಾರಿ ಬೆಳೆದ ಸಂಪತ್ತು ಅದು. ಉತ್ತರದ ಗಿರಣಿಗಳೂ ಬ್ಯಾಂಕುಗಳೂ ಅದರಲ್ಲಿ ಲಾಭ ತಿಂದಿವೆ. (ಯುದ್ಧದಲ್ಲಿ ಆ ಹತ್ತಿ ಇಂಗ್ಲೆಂಡಿಗೆ ಹೋಗದಂತಾದಾಗ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬೆಲೆ ವಿಪರೀತ ಏರಿತ್ತು.)

ಬರೀ ಸೀಮೆಯ ಅಂತರವೇ ದೇಶ ಒಡೆಯುತ್ತದೆಯೇ? ನಕ್ಷೆ ಬೇರೆ ಕಥೆ ಹೇಳುತ್ತದೆ. ಮೊದಲು ಬಿಟ್ಟ ಏಳು ರಾಜ್ಯಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನ ಗುಲಾಮರು. ಯುದ್ಧ ಶುರುವಾಗಿ, ಅಧ್ಯಕ್ಷ ಲಿಂಕನ್ ಸೈನಿಕರನ್ನು ಕರೆದ ಮೇಲೆ ಹೋದ ನಾಲ್ಕರಲ್ಲಿ ಸುಮಾರು ಶೇ 30. ಗುಲಾಮಗಿರಿ ಇದ್ದೂ ಒಕ್ಕೂಟದಲ್ಲೇ ಉಳಿದ ಡೆಲವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸೌರಿಗಳಲ್ಲಿ ಇನ್ನೂ ಕಡಿಮೆ. ವರ್ಜೀನಿಯಾದಲ್ಲಿ ಗುಲಾಮರು ವಿರಳವಾಗಿದ್ದ ಪಶ್ಚಿಮದ ಗುಡ್ಡಗಾಡು ಸೀಮೆಯಂತೂ ತಾನೇ ಸಿಡಿದು 1863ರಲ್ಲಿ ಬೇರೆ ರಾಜ್ಯವಾಯಿತು.

ರಾಜಿಗಳೇನೂ ಕಡಿಮೆ ಆಗಿರಲಿಲ್ಲ. 1820ರಲ್ಲಿ ಪಶ್ಚಿಮದ ನೆಲಕ್ಕೆ ಗೆರೆ ಎಳೆದು, ಅದರ ಉತ್ತರಕ್ಕೆ (ಮಿಸೌರಿ ಬಿಟ್ಟು) ಗುಲಾಮಗಿರಿ ಬೇಡ ಎಂದರು. 1854ರಲ್ಲಿ ಅದನ್ನೇ ಅಳಿಸಿದರು, ಕಾನ್ಸಾಸ್‌ನಲ್ಲಿ ರಕ್ತ ಹರಿಯಿತು. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮ ಬಿಡುಗಡೆ ಕೇಳಿ ಹೋದಾಗ, ಕಪ್ಪು ಜನ ನಾಗರಿಕರೇ ಅಲ್ಲ ಎಂದಿತು ಸುಪ್ರೀಂ ಕೋರ್ಟ್. ಅಷ್ಟು ಕ್ರೂರವಾದ ತೀರ್ಪು ಆ ಕೋರ್ಟಿನಿಂದ ಮತ್ತೊಂದು ಬಂದಿಲ್ಲ ಅನ್ನಿಸುತ್ತದೆ ನನಗೆ. 1860ರಲ್ಲಿ ಗೆದ್ದ ಲಿಂಕನ್ ಹೇಳಿದ್ದು ಇಷ್ಟೇ: ಗುಲಾಮಗಿರಿ ಹೊಸ ನೆಲಕ್ಕೆ ಹಬ್ಬಬಾರದು. ಆದರೆ ಹಬ್ಬದಿದ್ದರೆ ಹೊಸ ರಾಜ್ಯಗಳೆಲ್ಲ ಉತ್ತರದ ಪಾಳೆಯಕ್ಕೆ ಸೇರುತ್ತವೆ. ಸೆನೆಟ್ ಕೈತಪ್ಪುತ್ತದೆ, ಒಂದು ದಿನ ಗುಲಾಮಗಿರಿಯೇ ಹೋಗುತ್ತದೆ. ಒಡೆಯರ ಭಯ ಇದು.

ಗೊಂದಲ ಹುಟ್ಟುವುದು ಇಲ್ಲಿ: ದಕ್ಷಿಣ ಯಾಕೆ ಬಿಟ್ಟಿತು ಅನ್ನುವುದು ಒಂದು ಪ್ರಶ್ನೆ, ಉತ್ತರ ಯಾಕೆ ಹೋರಾಡಿತು ಅನ್ನುವುದು ಇನ್ನೊಂದು. ಉತ್ತರ ಮೊದಲು ಹೋರಾಡಿದ್ದು ದೇಶ ಒಂದಾಗಿ ಉಳಿಯಲಿ ಎಂದು. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೇ ಮಾಡುತ್ತೇನೆ ಎಂದು 1862ರ ಆಗಸ್ಟ್‌ನಲ್ಲೂ ಲಿಂಕನ್ ಬರೆದಿದ್ದರು. ಆ ಗುರಿ ಬದಲಾಗುವಂತೆ ಒತ್ತಿದವರಲ್ಲಿ ಗುಲಾಮರೇ ಮುಂದು. 1861ರ ಮೇ ತಿಂಗಳಲ್ಲೇ ಮೂವರು ಓಡಿಬಂದು ವರ್ಜೀನಿಯಾದ ಮನ್ರೋ ಕೋಟೆಯಲ್ಲಿದ್ದ ಒಕ್ಕೂಟದ ಸೇನೆಯ ಆಶ್ರಯ ಕೇಳಿದರು. ಅಲ್ಲಿನ ಸೇನಾಧಿಕಾರಿ ಅವರನ್ನು ಒಡೆಯನಿಗೆ ವಾಪಸ್ ಕೊಡಲಿಲ್ಲ. ಸುದ್ದಿ ಹರಡಿ ಜನ ಸಾಲುಸಾಲಾಗಿ ಬಂದರು. 1863ರ ಜನವರಿ 1ರ ವಿಮೋಚನಾ ಘೋಷಣೆಯ ನಂತರ ಕಪ್ಪು ಜನರ ಪಡೆಗಳು ದೊಡ್ಡದಾಗಿ ಬೆಳೆದವು. ಸುಮಾರು 1,80,000 ಮಂದಿ ಒಕ್ಕೂಟದ ಭೂಸೇನೆಯಲ್ಲಿ ಬಂದೂಕು ಹಿಡಿದರು. 1865ರ ಡಿಸೆಂಬರ್‌ನಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವ ಹದಿಮೂರನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿ, ಒಡೆಯರು ಹೆದರಿದ್ದು ನಿಜವಾಯಿತು.