ಹುಚ್ಚು ಹಿಡಿದು ಸತ್ತ ಹಸುವಿನ ಹಾಲು ಕುಡಿದಿದ್ದೇವೆ, ಎಲ್ಲರಿಗೂ ಇಂಜೆಕ್ಷನ್ ಬೇಕಾ?

ಓದುಗರ ಪ್ರಶ್ನೆ: ನಮ್ಮ ಹಸು ಮೇವು ಬಿಟ್ಟು, ಜೊಲ್ಲು ಸುರಿಸುತ್ತಾ ನಾಲ್ಕು ದಿನ ಕೂಗಾಡಿ ಸತ್ತುಹೋಯಿತು. ರೇಬೀಸ್ ಇತ್ತು ಅಂತ ಆಮೇಲೆ ಡಾಕ್ಟರ್ ಹೇಳಿದರು. ಹಿಂದಿನ ತಿಂಗಳು ಅದಕ್ಕೆ ನಾಯಿ ಕಚ್ಚಿತ್ತಂತೆ. ಸಾಯುವ ಎರಡು ದಿನ ಮುಂಚಿನವರೆಗೂ ಅದರ ಹಾಲನ್ನು ಮನೆಯವರೆಲ್ಲ ಕುಡಿದಿದ್ದೇವೆ, ಪಕ್ಕದ ಮನೆಗಳಿಗೂ ಕೊಟ್ಟಿದ್ದೇವೆ. ಈಗ ಎಲ್ಲರೂ ಇಂಜೆಕ್ಷನ್ ತಗೋಬೇಕಾ?

ಉತ್ತರ: ಹಾಲು ಕಾಯಿಸಿ ಕುಡಿದಿದ್ದರೆ ಬೇಡ. ರೇಬೀಸ್ ವೈರಸ್ ಬಿಸಿಯನ್ನು ತಡೆಯುವುದಿಲ್ಲ. ಹಾಲು ಒಮ್ಮೆ ಉಕ್ಕಿತು ಅಂದರೆ ಅದರಲ್ಲಿ ವೈರಸ್ ಇದ್ದರೂ ಸತ್ತಿರುತ್ತದೆ. ಆ ಹಾಲಿನ ಕಾಫಿ, ಟೀ, ಕಾಯಿಸಿ ಹೆಪ್ಪು ಹಾಕಿದ ಮೊಸರು, ಅದರಿಂದ ತೆಗೆದ ಬೆಣ್ಣೆ, ತುಪ್ಪ ಯಾವುದರಿಂದಲೂ ಭಯ ಬೇಡ.

ಹಸಿ ಹಾಲು ಕುಡಿದಿದ್ದರೆ? ಪಂಚಾಮೃತಕ್ಕೆ ಕಾಯಿಸದ ಹಾಲನ್ನೇ ಹಾಕುತ್ತೇವೆ, ಅಲ್ವಾ? ಕೆಲವರು ನೊರೆಹಾಲನ್ನು ಹಾಗೇ ಕುಡಿಯುತ್ತಾರೆ. ಹಾಲು ಕುಡಿದೇ ಮನುಷ್ಯರಿಗೆ ರೇಬೀಸ್ ಬಂತು ಎಂದು ಪ್ರಯೋಗಾಲಯದಲ್ಲಿ ಖಚಿತವಾಗಿ ಸಾಬೀತಾದ ಉದಾಹರಣೆ ಇಲ್ಲ. ಹಾಗಿದ್ದರೂ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1996ರಿಂದ 1998ರ ನಡುವೆ ಎರಡು ಸಲ, ರೇಬೀಸ್ ಬಂದ ಹಸುಗಳ ಹಸಿ ಹಾಲು ಕುಡಿದವರಿಗೆ ಮುನ್ನೆಚ್ಚರಿಕೆಗೆ ಲಸಿಕೆ ಹಾಕಿದ್ದರು. ಹಾಗಾಗಿ ನಿಮ್ಮಲ್ಲಿ ಯಾರಾದರೂ ಹಸಿ ಹಾಲು ಕುಡಿದಿದ್ದರೆ, ಅದರಲ್ಲೂ ಬಾಯಲ್ಲಿ ಹುಣ್ಣೋ ಗಾಯವೋ ಇದ್ದರೆ, ಸುಮ್ನೆ ಕೂರದೆ ಡಾಕ್ಟರ ಹತ್ತಿರ ಹೋಗಿ ಹೇಳಿ. ತೀರ್ಮಾನ ಅವರಿಗೆ ಬಿಡಿ.

ಆದರೆ ನಿಮ್ಮ ಪತ್ರ ಓದಿದಾಗ ನನ್ನನ್ನು ಕಾಡಿದ್ದು ಹಾಲಿನ ಲೋಟವಲ್ಲ. ನೀವು ಬರೆಯದೇ ಬಿಟ್ಟ ಒಂದು ವಿಷಯ. ಆ ನಾಲ್ಕು ದಿನ ಹಸುವಿನ ಬಾಯಿಗೆ ಕೈ ಹಾಕಿದವರು ಯಾರು?

ಯಾಕೆ ಕೇಳುತ್ತಿದ್ದೇನೆ ಅಂದರೆ, ರೇಬೀಸ್ ಬಂದ ಹಸುವಿಗೆ ಗಂಟಲಿನ ಸ್ನಾಯುಗಳು ಸೋತುಹೋಗುತ್ತವೆ. ಮೇವು ನುಂಗಲು ಆಗುವುದಿಲ್ಲ, ನೀರು ಇಳಿಯುವುದಿಲ್ಲ, ಬಾಯಿಂದ ಜೊಲ್ಲು ಒಂದೇ ಸಮನೆ ಸುರಿಯುತ್ತದೆ. ನೋಡಿದವರಿಗೆ ಗಂಟಲಲ್ಲಿ ಮಾವಿನ ಓಟೆಯೋ ಏನೋ ಸಿಕ್ಕಿಕೊಂಡಿದೆ ಅನಿಸುತ್ತದೆ. ಪಾಪ, ನರಳುತ್ತಿದೆಯಲ್ಲ ಅಂತ ಮನೆಯವರು ದವಡೆ ಹಿಡಿದು ಒಳಗೆ ಕೈ ತೂರಿಸಿ ಹುಡುಕುತ್ತಾರೆ. ಇನ್ನೊಬ್ಬರು ಗೊಟ್ಟದಲ್ಲಿ ಕಷಾಯ ಹಾಕುತ್ತಾರೆ. ಮತ್ತೊಬ್ಬರು ಮೂಗುದಾರ ಎಳೆದು ಹಿಡಿಯುತ್ತಾರೆ. ದನದ ದವಡೆ ಹಲ್ಲು ಉಜ್ಜಿದರೆ ಕೈ ತರಚದೇ ಇರುವುದಿಲ್ಲ. ಮೇವು ಕತ್ತರಿಸುವವರ ಕೈಯಲ್ಲಿ ಸಣ್ಣಪುಟ್ಟ ಗಾಯ ಮೊದಲೇ ಇರುತ್ತದೆ.

ಅಪಾಯ ಇರುವುದು ಇಲ್ಲೇ. ನಾಯಿ ಕಚ್ಚಿದ ಜಾಗದಿಂದ ವೈರಸ್ ನರದ ದಾರಿ ಹಿಡಿದು ನಿಧಾನವಾಗಿ ಮಿದುಳಿಗೆ ಏರುತ್ತದೆ. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮಿದುಳು ಸೇರಿದ ಮೇಲೆ ಅಲ್ಲಿಂದ ಜೊಲ್ಲಿನ ಗ್ರಂಥಿಗಳಿಗೆ ಇಳಿಯುತ್ತದೆ. ಆಮೇಲೆ ಆ ಜೊಲ್ಲು ನಮ್ಮ ಗಾಯಕ್ಕೋ, ಕಣ್ಣಿಗೋ, ಬಾಯಿಗೋ ತಾಗಬಾರದು. ಗಾಯ, ತರಚು ಇಲ್ಲದ ಚರ್ಮದ ಮೇಲೆ ಬಿದ್ದರೆ ಸೋಪು ಹಾಕಿ ತೊಳೆದರೆ ಸಾಕು, ಇಂಜೆಕ್ಷನ್ ಬೇಕಿಲ್ಲ. ಗಾಯ, ತರಚು, ಕಣ್ಣು, ಬಾಯಿಗೆ ತಾಗಿದ್ದರೆ ಮಾತ್ರ ತಡ ಮಾಡಬಾರದು. ಅಂಥವರಿಗೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಲಸಿಕೆ ಕೆಲಸ ಶುರು ಮಾಡುವವರೆಗೆ ಗಾಯದ ಹತ್ತಿರವೇ ವೈರಸ್ಸನ್ನು ತಡೆಯುವ ಔಷಧಿ ಅದು. ಕೇಳಿ ಹಾಕಿಸಿಕೊಳ್ಳಿ.

ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಚರ್ಮಕ್ಕೆ ಕೊಡುವ ಲಸಿಕೆಯನ್ನು ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಹಾಕುತ್ತಾರೆ. ಎರಡು ಹಾಕಿಸಿಕೊಂಡು ‘ಏನೂ ಆಗಿಲ್ಲವಲ್ಲ’ ಅಂತ ನಿಲ್ಲಿಸುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ರೇಬೀಸ್ ಲಕ್ಷಣ ಒಮ್ಮೆ ಶುರುವಾದರೆ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಜೊಲ್ಲು ತಾಗಿ ವಾರ ಕಳೆದಿದ್ದರೂ ಪರವಾಗಿಲ್ಲ, ಇವತ್ತೇ ಹೋಗಿ ಶುರು ಮಾಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಊರಿನಲ್ಲಿ ಹೀಗೆ ಒಂದು ಹಸು ಸತ್ತರೆ ಹಾಲು ಕುಡಿದವರೆಲ್ಲ ಆಸ್ಪತ್ರೆ ಮುಂದೆ ಸಾಲು ನಿಲ್ಲುತ್ತಾರೆ. ಗೊಟ್ಟ ಹಾಕಿದ ಅಜ್ಜ ಮಾತ್ರ ‘ನಾನು ಹಾಲೇ ಕುಡಿಯಲಿಲ್ಲ’ ಅಂತ ಮನೆಯಲ್ಲೇ ಉಳಿದುಬಿಡುತ್ತಾರೆ. ಸಾಲಿನಲ್ಲಿ ಮೊದಲು ನಿಲ್ಲಬೇಕಾದವರು ಅವರು.

ದನದಲ್ಲಿ ಈ ಕಾಯಿಲೆಯನ್ನು ಗುರುತಿಸುವುದು ಸುಲಭವಲ್ಲ. ಎಲ್ಲ ಹಸುವೂ ಹಾಯಲು ಬರುವುದಿಲ್ಲ. ಕೆಲವು ಮಂಕಾಗಿ ನಿಲ್ಲುತ್ತವೆ. ದನಿ ಒಡೆದು ಬೇರೆಯೇ ಥರ ಕೂಗುತ್ತವೆ. ಬೇರೆ ದನದ ಮೇಲೆ ಏರಲು ಹೋಗುತ್ತವೆ, ಆಗ ಬೆದೆಗೆ ಬಂದಿದೆ ಅಂದುಕೊಂಡವರೂ ಇದ್ದಾರೆ. ಪದೇ ಪದೇ ಮುಕ್ಕರಿಯುತ್ತವೆ, ಹಲ್ಲು ಕಡಿಯುತ್ತವೆ, ಹಿಂಗಾಲು ಸೋತು ತಟ್ಟಾಡುತ್ತವೆ. ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತವೆ. ಹೀಗಾಗಿ ನನ್ನ ಮಾತು ಇಷ್ಟೇ: ಜೊಲ್ಲು ಸುರಿಸುತ್ತಾ ನುಂಗಲಾರದ ದನದ ಬಾಯಿಗೆ, ಕಾರಣ ಗೊತ್ತಾಗುವ ತನಕ ಬರಿಗೈ ಹಾಕಬೇಡಿ. 1962ಕ್ಕೆ ಫೋನ್ ಮಾಡಿದರೆ ಪಶು ಇಲಾಖೆಯ ಗಾಡಿ ಬರುತ್ತದೆ.

ಹಸುವಿಗೆ ನಾಯಿ ಕಚ್ಚಿದ್ದು ಕಣ್ಣಿಗೆ ಬಿದ್ದರೆ ಅದನ್ನು ಉಳಿಸಿಕೊಳ್ಳಬಹುದು. ಕೈಗೆ ಗ್ಲೌಸ್ ಹಾಕಿಕೊಂಡು ಗಾಯವನ್ನು ಸೋಪು, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ ಮೆತ್ತಬೇಡಿ. ಅದೇ ದಿನ ಲಸಿಕೆ ಶುರುವಾಗಬೇಕು, ಆಮೇಲೆ 3, 7, 14, 28ನೇ ದಿನ. ಹಿಂದಿನ ತಿಂಗಳು ನಿಮ್ಮ ಹಸುವಿಗೆ ಇದು ಸಿಕ್ಕಿದ್ದರೆ ಬಹುಶಃ ಉಳಿಯುತ್ತಿತ್ತು. ಹೇಳಲು ಬೇಜಾರಾಗುತ್ತದೆ, ಆದರೆ ಕೊಟ್ಟಿಗೆಯಲ್ಲಿ ಇನ್ನೊಂದು ಹಸು ಇದ್ದರೆ ನಿಮಗೆ ಇದು ಗೊತ್ತಿರಬೇಕು.

ಕರು ಇದೆಯಾ? ತಾಯಿ ಅದನ್ನು ದಿನವೂ ನೆಕ್ಕಿರುತ್ತದೆ. ಮಕ್ಕಳು ಕರುವನ್ನು ಅಪ್ಪಿಕೊಂಡು ಆಡುತ್ತಾರೆ. ಸದ್ಯಕ್ಕೆ ಅದನ್ನು ಬೇರೆ ಕಟ್ಟಿ, ಮಕ್ಕಳನ್ನು ದೂರ ಇಡಿ, ಅದಕ್ಕೂ ಲಸಿಕೆ ಹಾಕಿಸುವ ಬಗ್ಗೆ ಪಶುವೈದ್ಯರನ್ನು ಕೇಳಿ. ಹಸು ತಿಂದ ಬಾನಿ, ಹಗ್ಗ, ಗೊಟ್ಟವನ್ನು ಸೋಪು ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ.

ಇವತ್ತು ಸಂಜೆ ಪಕ್ಕದ ಮನೆಗಳಿಗೆ ನೀವೇ ಹೋಗಿ. ಹಾಲು ಕಾಯಿಸಿ ಕುಡಿದಿದ್ದರೆ ಹೆದರಬೇಡಿ ಅಂತ ಹೇಳಿ. ಆಮೇಲೆ ಕೂತು ನೆನಪು ಮಾಡಿಕೊಳ್ಳಿ: ದವಡೆ ಹಿಡಿದವರು ಯಾರು, ಔಷಧಿ ಹಾಕಿದವರು ಯಾರು, ಹಸು ಬಿದ್ದಾಗ ಎತ್ತಲು ಬಂದವರು ಯಾರು, ಹೂಳಲು ಸಾಗಿಸಿದವರು ಯಾರು. ಒಬ್ಬೊಬ್ಬರ ಕೈಯನ್ನೂ ನೋಡಿ. ಗಾಯ ಇದ್ದವರನ್ನು ನಾಳೆ ಬೆಳಿಗ್ಗೆ ತನಕ ಕಾಯಿಸದೆ ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.