ಮೇಜರ್ ರಿವಿಷನ್ ಅಂದ್ರೆ ರಿಜೆಕ್ಟ್ ಅಲ್ಲ ಮಾರಾಯ್ರೇ

ಹೋದ ವಾರ ರಾತ್ರಿ ಊಟಕ್ಕೆ ಕೂತಿದ್ದಾಗ ಒಂದು ಫೋನ್ ಬಂತು. ಆ ಕಡೆ ಇದ್ದವರು ಒಂದು ಮೆಡಿಕಲ್ ಕಾಲೇಜಿನ ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರು, ನನಗಿಂತ ಹಿರಿಯರು. "ಏನ್ ಮೇಡಂ, ನಮ್ಮ ಹುಡುಗೀದು ಪೇಪರ್ ರಿಜೆಕ್ಟ್ ಮಾಡಿಬಿಟ್ರಂತೆ? ಪಾಪ, ಎರಡು ದಿನದಿಂದ ಮುಖ ಸಣ್ಣ ಮಾಡ್ಕೊಂಡು ಓಡಾಡ್ತಿದಾಳೆ." ಅನ್ನ ಆರುತ್ತಿತ್ತು. ಎದ್ದು ಲ್ಯಾಪ್‌ಟಾಪ್ ತೆಗೆದು ನೋಡಿದೆ. ಆ ಹುಡುಗಿಯ ಸಂಶೋಧನಾ ಲೇಖನದ ಬಗ್ಗೆ ಪತ್ರಿಕೆಯ ಸಂಪಾದಕಿಯಾಗಿ ನಾನು ಕಳಿಸಿದ ಪತ್ರದಲ್ಲಿ ಸ್ಪಷ್ಟವಾಗಿಯೇ ಇತ್ತು: ಮೇಜರ್ ರಿವಿಷನ್, 60 ದಿನದೊಳಗೆ ತಿದ್ದಿ ಕಳಿಸಿ.

"ಸರ್, ರಿಜೆಕ್ಟ್ ಮಾಡಿಲ್ಲ. ತಿದ್ದಿ ಕಳಿಸಿ ಅಂದಿದೀನಿ."

"ಎರಡೂ ಒಂದೇ ಅಲ್ವಾ ಮೇಡಂ?"

ಒಂದೇ ಅಲ್ಲ. ಹಿರಿಯ ಪ್ರಾಧ್ಯಾಪಕರಿಗೇ ಇದು ಗೊತ್ತಿಲ್ಲ ಅಂದಮೇಲೆ ಪಿಜಿ ಮಕ್ಕಳನ್ನು ಏನು ಬೈಯುವುದು?

ನಮ್ಮದು ಚಿಕ್ಕ ವೈದ್ಯಕೀಯ ಪತ್ರಿಕೆ, ಮೂರು ತಿಂಗಳಿಗೊಂದು ಸಂಚಿಕೆ. ಬೆಳಿಗ್ಗೆ ಪೆಥಾಲಜಿ ಲ್ಯಾಬಿನಲ್ಲಿ ಸ್ಲೈಡ್ ನೋಡುತ್ತೇನೆ, ಮಧ್ಯಾಹ್ನ ಪಾಠ, ರಾತ್ರಿ ಸಂಪಾದಕಿ. ಇದಕ್ಕೆ ಸಂಬಳ ಇಲ್ಲ. ಬಂದ ಪೇಪರ್ ಓದಿ ತಪ್ಪು-ಒಪ್ಪು ಹೇಳುವ ರಿವ್ಯೂವರ್‌ಗಳಿಗೂ ಇಲ್ಲ. ಒಂದು ಪೇಪರಿಗೆ ಆರು ಜನರನ್ನು ಕೇಳಿದರೆ ಇಬ್ಬರು ಒಪ್ಪುತ್ತಾರೆ, ಅದರಲ್ಲಿ ಒಬ್ಬರು ಮರೆಯುತ್ತಾರೆ. ಉಳಿದ ಆ ಒಬ್ಬರು ಭಾನುವಾರ ಮನೆಯವರ ಹತ್ತಿರ ಬೈಸಿಕೊಂಡು ಕೂತು ಓದುತ್ತಾರೆ. ನಿಮಗೆ ಬರುವ ಆ ಉದ್ದದ ಪ್ರಶ್ನೆಪಟ್ಟಿ ಅವರ ಭಾನುವಾರ.

ಬೇರೆಯವರ ಬರಹ ಕದಿಯಬೇಡಿ, ಎಥಿಕ್ಸ್ ಕಮಿಟಿ ಒಪ್ಪಿಗೆ ಇಲ್ಲದೆ ಅಧ್ಯಯನ ಶುರು ಮಾಡಬೇಡಿ, ಒಂದೇ ಪೇಪರನ್ನು ಒಟ್ಟಿಗೆ ಎರಡು ಕಡೆ ಕಳಿಸಬೇಡಿ. ಇವೆಲ್ಲ ನಿಮಗೆ ಗೊತ್ತೇ ಇದೆ ಅಂದುಕೊಂಡು ಮುಂದೆ ಹೋಗುತ್ತೇನೆ.

ನಾನು ರಿಜೆಕ್ಟ್ ಮಾಡಿದಾಗ ಪತ್ರ ಹೇಗಿರುತ್ತದೆ ಗೊತ್ತಾ? ನಾಲ್ಕು ಸಾಲು. ಕಳಿಸಿದ್ದಕ್ಕೆ ಧನ್ಯವಾದ, ನಮ್ಮ ಪತ್ರಿಕೆಗೆ ಹೊಂದುವುದಿಲ್ಲ, ಕಾರಣ ಇಷ್ಟು, ಶುಭವಾಗಲಿ. ಮುಗೀತು. ಬೇಡವಾದ ಪೇಪರಿಗೆ 17 ಪ್ರಶ್ನೆ ಬರೆಯುವಷ್ಟು ಪುರುಸೊತ್ತು ಯಾರಿಗಿದೆ? ಪತ್ರ ಎರಡು ಪುಟ ಇದ್ದರೆ, ಪ್ರಶ್ನೆಗೆ ನಂಬರ್ ಹಾಕಿದ್ದರೆ, ಕೊನೆಯಲ್ಲಿ ಒಂದು ತಾರೀಕು ಕೊಟ್ಟಿದ್ದರೆ, ಅದರ ಅರ್ಥ ಇಷ್ಟೇ: ನಿಮ್ಮ ಕೆಲಸದಲ್ಲಿ ಏನೋ ಇದೆ, ಅದನ್ನು ಸರಿಯಾಗಿ ಹೇಳಿ. ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಇನ್ನೊಮ್ಮೆ ಹೇಳಿದರೂ ಸಾಲುವುದಿಲ್ಲ ಅನ್ನುವುದು ಅನುಭವ. ತಾರೀಕು ಕೊಟ್ಟಿದ್ದೇವೆ ಅಂದರೆ ಕಾಯುತ್ತಿದ್ದೇವೆ ಅಂತ. ಬೇಡದವರಿಗೆ ಯಾರೂ ತಾರೀಕು ಕೊಡುವುದಿಲ್ಲ.

ತಪ್ಪು ಹುಡುಗರದ್ದೇ ಅಂತ ಹೇಳಲಾರೆ. ಎಂಬಿಬಿಎಸ್ ಮೊದಲ ವರ್ಷದಿಂದ ರೆಕಾರ್ಡ್ ಬುಕ್ಕಿನ ಮೇಲೆ ಕೆಂಪು ಇಂಕಿನಲ್ಲಿ 'ರಿಪೀಟ್' ನೋಡಿಕೊಂಡೇ ಬಂದವರು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪ್ರಶ್ನೆ ಜಾಸ್ತಿ ಬಿದ್ದರೆ ಫೇಲ್ ಅಂತಲೇ ಲೆಕ್ಕ. ಥೀಸಿಸ್ ತಿದ್ದುವಾಗ ಗೈಡ್ ಹಾಳೆ ಎಸೆದದ್ದನ್ನೂ ನೋಡಿರುತ್ತಾರೆ. ಪ್ರಶ್ನೆ ಕೇಳುವುದು ಅಂದರೆ ಮರ್ಯಾದೆ ತೆಗೆಯುವುದು ಅಂತ ನಾವೇ ಕಲಿಸಿಟ್ಟಿದ್ದೇವೆ.

ಕೆಲವು ವರ್ಷದ ಹಿಂದೆ ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯ ವೈದ್ಯರು ಒಂದು ಪೇಪರ್ ಕಳಿಸಿದ್ದರು. ಹಂಪ್-ನೋಸ್ಡ್ ಪಿಟ್ ವೈಪರ್ ಕಚ್ಚಿದ ಇಪ್ಪತ್ತಕ್ಕೂ ಹೆಚ್ಚು ರೋಗಿಗಳ ವಿವರ. ಕಾಫಿ, ಅಡಿಕೆ ತೋಟದಲ್ಲಿ ತರಗೆಲೆ ನಡುವೆ ಮಲಗಿರುವ ಸಣ್ಣ ಹಾವು ಅದು. ನಮ್ಮಲ್ಲಿ ಸಿಗುವ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಈ ಹಾವು ಆ ಪಟ್ಟಿಯಲ್ಲಿ ಇಲ್ಲ. ಆದರೆ ಕಚ್ಚಿದರೆ ರಕ್ತ ಹೆಪ್ಪುಗಟ್ಟದೇ ಹೋಗಬಹುದು, ಕಿಡ್ನಿಗೂ ಪೆಟ್ಟಾಗಬಹುದು. ಇಂಥ ಪೇಪರ್ ನಮ್ಮಂಥ ಪತ್ರಿಕೆಗೆ ಬರದೆ ಇನ್ನೆಲ್ಲಿಗೆ ಬರಬೇಕು? ನನಗಂತೂ ಖುಷಿಯೋ ಖುಷಿ.

ರಿವ್ಯೂವರ್ ಹತ್ತಾರು ಪ್ರಶ್ನೆ ಕೇಳಿದರು. ಹಾವನ್ನು ಗುರುತಿಸಿದ್ದು ಯಾರು, ಸತ್ತ ಹಾವು ತಂದಿದ್ದರಾ, ಫೋಟೋ ಇದೆಯಾ. ಅದರಲ್ಲಿ ಒಂದು ಹೀಗಿತ್ತು: 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಬಳಸಿದ್ದು ಗಾಜಿನ ಟ್ಯೂಬಾ, ಪ್ಲಾಸ್ಟಿಕ್ಕಾ? ಹೊಸದಾ, ತೊಳೆದದ್ದಾ?

ಲೇಖಕರಿಂದ ಉತ್ತರವೇ ಇಲ್ಲ. ಎರಡು ಸಲ ನೆನಪಿಸಿದೆ. ವರ್ಷ ಕಳೆಯಿತು. ಕೊನೆಗೆ ನಾನೇ ಫೋನ್ ಮಾಡಿದೆ. ಸಂಪಾದಕರು ಹೀಗೆಲ್ಲ ಫೋನ್ ಮಾಡಬಾರದು ಅಂತ ಕೆಲವರು ಹೇಳುತ್ತಾರೆ, ಇರಲಿ. "ಬಿಡಿ ಮೇಡಂ, ಟ್ಯೂಬ್ ತೊಳೆದಿದೀರಾ ಅಂತೆಲ್ಲ ಕೇಳ್ತಾರೆ ಅಂದ್ರೆ ನಮ್ಮನ್ನೇನು ಅಂದ್ಕೊಂಡಿದಾರೆ ಅವ್ರು?" ಅಂದರು. ಧ್ವನಿಯಲ್ಲಿ ಸಿಟ್ಟಿಗಿಂತ ನೋವು ಜಾಸ್ತಿ ಇತ್ತು.

ಆ ಪ್ರಶ್ನೆಯಲ್ಲಿ ಅವಮಾನ ಏನೂ ಇರಲಿಲ್ಲ. ಗಾಜಿನ ಮೈ ತಾಗಿದರೆ ರಕ್ತ ಹೆಪ್ಪುಗಟ್ಟುವ ಕೆಲಸ ಶುರುವಾಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಹಾಗಾಗುವುದಿಲ್ಲ. ಸೋಪಿನ ಪುಡಿಯಲ್ಲಿ ತೊಳೆದ ಗಾಜನ್ನೂ ನಂಬುವ ಹಾಗಿಲ್ಲ. ಅಂದರೆ ಆರೋಗ್ಯವಂತರ ರಕ್ತವೂ 20 ನಿಮಿಷ ಆದಮೇಲೆ ನೀರಾಗಿಯೇ ಇದ್ದು, ವಿಷ ಏರಿದೆ ಅಂತ ನಮ್ಮನ್ನು ಮೋಸ ಮಾಡಬಹುದು. ಫೋನಿನಲ್ಲೇ ಇದನ್ನು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಿಧಾನವಾಗಿ, "ಮೇಡಂ, ಮಳೆಗಾಲದಲ್ಲಿ ಟ್ಯೂಬ್ ಖಾಲಿಯಾಗಿತ್ತು. ಒಂದಷ್ಟು ದಿನ ಇಂಜೆಕ್ಷನ್ ಬಾಟಲಿ ತೊಳೆದು ಬಳಸಿದ್ವಿ" ಅಂದರು.

ಕೇಸ್ ಶೀಟ್ ತೆಗೆದು ಅಂಥ ನಾಲ್ಕು ರೋಗಿಗಳನ್ನು ಲೆಕ್ಕದಿಂದ ಬಿಟ್ಟರು. ಯಾಕೆ ಬಿಟ್ಟೆವು ಅಂತ ಒಂದು ಸಾಲು ಬರೆದರು. ಪೇಪರ್ ಮೊದಲಿಗಿಂತ ಚಿಕ್ಕದಾಯಿತು, ಗಟ್ಟಿಯಾಯಿತು, ಪ್ರಕಟವೂ ಆಯಿತು.

ಉತ್ತರ ಬರೆಯುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಸುಮ್ನೆ ತಿದ್ದಿದ ಫೈಲ್ ಕಳಿಸಿ 'ಹೇಳಿದಂತೆ ಎಲ್ಲ ಬದಲಾಯಿಸಿದೆ' ಅಂದರೆ ನಾನು ಎಲ್ಲಿ ಹುಡುಕಲಿ? ರಿವ್ಯೂವರ್ ಕೇಳಿದ್ದನ್ನು ಹಾಗೇ ಇಳಿಸಿಕೊಳ್ಳಿ. ಅದರ ಕೆಳಗೆ ನಿಮ್ಮ ಉತ್ತರ, ಯಾವ ಪುಟ, ಯಾವ ಸಾಲು. ಒಪ್ಪಿಗೆ ಇಲ್ಲದಿದ್ದರೆ ಒಪ್ಪಬೇಡಿ, ಕಾರಣ ಕೊಡಿ. ರಿವ್ಯೂವರ್ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಕೆಲವರು ಪೇಪರಿನಲ್ಲೇ ಇರುವುದನ್ನು ನೋಡದೆ ಕೇಳಿರುತ್ತಾರೆ. ಆಗಲೂ 'ಪುಟ 4ರಲ್ಲಿದೆ, ಇನ್ನಷ್ಟು ಸ್ಪಷ್ಟ ಮಾಡಿದ್ದೇವೆ' ಅನ್ನಿ, ಜಗಳ ಬೇಡ. ಕೇಳಿದ ಪರೀಕ್ಷೆ ಮಾಡಿಲ್ಲವೇ? ಮಾಡಿಲ್ಲ ಅಂತ ಬರೆದು, ಅದನ್ನು ಅಧ್ಯಯನದ ಮಿತಿ ಅಂತ ಸೇರಿಸಿ. ಇಲ್ಲದ ಅಂಕಿ ಮಾತ್ರ ಹುಟ್ಟಿಸಬೇಡಿ. ಸಮಯ ಸಾಲದಿದ್ದರೆ ಒಂದು ಸಾಲಿನ ಮೇಲ್ ಹಾಕಿ, ಕೊಡುತ್ತೇವೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು, ಇಲ್ಲದಿದ್ದರೆ ನಾಳೆ ಇದೇ ಅಂಕಣ ಹಿಡಿದುಕೊಂಡು ಫೋನ್ ಮಾಡುತ್ತೀರಿ. ಮೇಜರ್ ರಿವಿಷನ್ ಅಂದರೆ ಆಕ್ಸೆಪ್ಟ್ ಅಂತಲೂ ಅಲ್ಲ. ತಿದ್ದಿದ ಮೇಲೂ ಕೆಲವು ಪೇಪರ್ ಬಿದ್ದುಹೋಗುತ್ತವೆ. ತಿದ್ದುವಾಗಲೇ ಬುಡದ ತಪ್ಪು ಕಾಣಿಸುವುದುಂಟು. ಬೇರೆ ಪತ್ರಿಕೆಗಳ ಪದ್ಧತಿಯೂ ಸ್ವಲ್ಪ ಬೇರೆ ಇರಬಹುದು, ಅವರ ಸೂಚನೆ ಓದಿಕೊಳ್ಳಿ.

ನನ್ನ ಹೊಟ್ಟೆ ಉರಿಯುವುದು ಆಮೇಲೆ ಆಗುವುದನ್ನು ನೋಡಿ. ನಮ್ಮ ಪತ್ರ ಬಂದ ದಿನವೇ ಇನ್ನೊಂದು ಮೇಲ್ ಬಂದಿರುತ್ತದೆ: ಗೌರವಾನ್ವಿತ ಪ್ರಖ್ಯಾತ ಪ್ರಾಧ್ಯಾಪಕರೇ, ಮೂರೇ ದಿನದಲ್ಲಿ ಪ್ರಕಟಿಸುತ್ತೇವೆ, ಇಷ್ಟು ದುಡ್ಡು. (ನನಗೂ ಬರುತ್ತವೆ. ಮೊನ್ನೆ ಒಂದು ಮೀನುಗಾರಿಕೆ ಪತ್ರಿಕೆಯವರು ಕರೆದಿದ್ದರು.) ಪ್ರಮೋಷನ್ ಹತ್ತಿರ ಇದೆ, ದುಡ್ಡು ಕಟ್ಟುತ್ತಾರೆ. ನಮ್ಮ ರಿವ್ಯೂವರ್ ಹಿಡಿದ ತಪ್ಪು ಅಲ್ಲಿ ಹಾಗೇ ಅಚ್ಚಾಗುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ನಿಯಮದಲ್ಲಿ ಪ್ರಮೋಷನ್ನಿಗೆ ಯಾವ ಸೂಚಿಗಳಲ್ಲಿರುವ (ಇಂಡೆಕ್ಸ್, ಅಂದರೆ ಪತ್ರಿಕೆಗಳನ್ನು ದಾಖಲಿಸುವ ಪಟ್ಟಿ) ಪತ್ರಿಕೆ ನಡೆಯುತ್ತದೆ ಅಂತ ಹೇಳಿಯೇ ಇತ್ತು. ಆ ಮೂರು ದಿನದ ಪತ್ರಿಕೆ ಅಂಥ ಯಾವ ಸೂಚಿಯಲ್ಲೂ ಇಲ್ಲ ಅಂತ ಗೊತ್ತಾಗುವುದು ದುಡ್ಡು ಕಟ್ಟಿದ ಮೇಲೆ.

ಇಲ್ಲಿನ ಕಾಯಿಲೆ ಇಲ್ಲಿನವರೇ ಬರೆಯಬೇಕು ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ. ಹಳದಿ ಜ್ವರ ಬಂದೇಬಿಟ್ಟಿತಾ ಅಂತ ಮೊದಲು ಹೆದರಿದ್ದರು. ಪುಣೆಯ ವೈರಸ್ ರಿಸರ್ಚ್ ಸೆಂಟರಿನವರು ಹೊಸ ವೈರಸ್ ಕಂಡುಹಿಡಿದರು, ಅದೇ ಮಂಗನಕಾಯಿಲೆಯದು. ಅದರ ಮೊದಲ ವರದಿಗಳಲ್ಲಿ ಒಂದು ಅದೇ ವರ್ಷ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ ಬಂತು, ನಮ್ಮ ದೇಶದ್ದೇ ಪತ್ರಿಕೆಯಲ್ಲಿ. ಇವತ್ತೂ ಮಂಗನಕಾಯಿಲೆ ಬಗ್ಗೆ ಬರೆಯುವವರು ಆ ಕಾಲದ ವರದಿಗಳಿಗೆ ವಾಪಸ್ ಹೋಗುತ್ತಾರೆ.

ಎಚ್‌ಒಡಿ ಸರ್ ಇದನ್ನು ಓದುತ್ತಾರೆ ಅಂತ ಗೊತ್ತು. ಸರ್, ಆ ಹುಡುಗಿಗೆ ಹೇಳಿ. ಪತ್ರ ಹೋಗಿ ಒಂಬತ್ತು ದಿನ ಆಯ್ತು, ಇನ್ನೂ 51 ದಿನ ಇದೆ. ಮೂರನೇ ಪ್ರಶ್ನೆ ನೋಡಿ ಅವಳು ಗಾಬರಿಯಾಗಿರಬಹುದು. ಅದಕ್ಕೆ ಉತ್ತರ ಅವಳ ಎರಡನೇ ಕೋಷ್ಟಕದಲ್ಲೇ ಇದೆ.