ಒಕ್ಕೂಟ ಸೇರಿ 20 ವರ್ಷ ದಾಟಿದರೂ ಪೂರ್ವ ಯುರೋಪಿಗೆ ಯಾಕಿಷ್ಟು ಮುನಿಸು?

ಓದುಗರ ಪ್ರಶ್ನೆ: ಪೋಲೆಂಡ್, ಹಂಗೇರಿಯಂಥ ದೇಶಗಳು ಯುರೋಪಿಯನ್ ಒಕ್ಕೂಟ ಸೇರಿ 20 ವರ್ಷ ದಾಟಿತು. ದುಡ್ಡು ಬಂತು, ರಸ್ತೆ ಬಂತು, ಎಲ್ಲಿ ಬೇಕಾದರೂ ಹೋಗಿ ದುಡಿಯುವ ಅವಕಾಶ ಬಂತು. ಆದರೂ ಹಳೇ ಸದಸ್ಯರಿಗೂ ಇವರಿಗೂ ಸದಾ ಕಿತ್ತಾಟ. ಸಂಸ್ಕೃತಿ ಬೇರೆ ಅನ್ನೋದೇ ಕಾರಣವಾ?

ಸಂಸ್ಕೃತಿಯ ಪಾಲೂ ಇದೆ. ಆದರೆ ನನಗೆ ಕಾಣುವಂತೆ ಜಗಳದ ಬುಡದಲ್ಲಿ ಇರುವುದು ಮರ್ಯಾದೆ.

2004ರ ಮೇ 1ರಂದು ಹತ್ತು ದೇಶಗಳು ಒಟ್ಟಿಗೆ ಒಕ್ಕೂಟ ಸೇರಿದವು. ಅದರಲ್ಲಿ ಎಂಟು ದೇಶಗಳು ಕಮ್ಯುನಿಸ್ಟ್ ಆಡಳಿತ ಕಂಡಿದ್ದವು. 2007ರಲ್ಲಿ ರೊಮೇನಿಯಾ, ಬಲ್ಗೇರಿಯಾ ಬಂದವು, 2013ರಲ್ಲಿ ಕ್ರೊಯೇಷಿಯಾ. ಇದನ್ನು ಅಲ್ಲಿನವರು ‘ಯುರೋಪಿಗೆ ವಾಪಸ್’ ಎಂದು ಕರೆದರು. ಪ್ರಾಗ್, ಕ್ರಾಕೋವ್ ಯಾವತ್ತೂ ಯುರೋಪೇ, ನಡುವೆ ನಾಲ್ಕು ದಶಕ ಬೇರೆಯವರು ಬೀಗ ಜಡಿದಿದ್ದರು ಅಷ್ಟೆ, ಅನ್ನುವುದು ಅವರ ವಾದ. ಹಳೇ ಸದಸ್ಯರಲ್ಲಿ ಬಹಳ ಜನ ಇದನ್ನು ತಾವು ಮಾಡಿದ ಉಪಕಾರ ಅಂದುಕೊಂಡರು. ಇನ್ನೂ ಸೇರುವ ಮೊದಲೇ, 2003ರಲ್ಲಿ, ಇರಾಕ್ ವಿಷಯದಲ್ಲಿ ಈ ದೇಶಗಳು ಅಮೆರಿಕದ ಪರ ನಿಂತವು. ಸುಮ್ಮನಿರುವ ಒಳ್ಳೇ ಅವಕಾಶ ಕಳಕೊಂಡರು ಎಂದು ಫ್ರಾನ್ಸ್ ಅಧ್ಯಕ್ಷ ಜಾಕ್ ಶಿರಾಕ್ ಬಹಿರಂಗವಾಗಿಯೇ ಗದರಿಬಿಟ್ಟರು. ಸಮಾನರ ಜೊತೆ ಯಾರಾದರೂ ಹಾಗೆ ಮಾತಾಡುತ್ತಾರಾ?

ಜಗಳ ನೆಲಕ್ಕೆ ಇಳಿದಿದ್ದು ಕೂಲಿ ವಿಷಯದಲ್ಲಿ. ಸ್ಟಾಕ್‌ಹೋಮ್ ಹತ್ತಿರ ವಾಕ್ಸ್‌ಹೋಲ್ಮ್ ಎಂಬ ಚಿಕ್ಕ ಊರಿದೆ. 2004ರಲ್ಲಿ ಅಲ್ಲೊಂದು ಶಾಲೆಯ ದುರಸ್ತಿ ಕೆಲಸ ಲ್ಯಾಟ್ವಿಯಾದ ಲಾವಲ್ ಕಂಪನಿಯ ಪಾಲಿಗೆ ಬಂತು. ಕಂಪನಿ ತನ್ನ ದೇಶದಿಂದಲೇ ಕೆಲಸಗಾರರನ್ನು ಕರೆತಂದಿತು. ಸ್ವೀಡನ್‌ನಲ್ಲಿ ಕನಿಷ್ಠ ಕೂಲಿಗೆ ಕಾನೂನಿಲ್ಲ. ಕಾರ್ಮಿಕ ಸಂಘವೂ ಮಾಲೀಕರೂ ಕೂತು ಒಪ್ಪಂದ ಮಾಡಿಕೊಳ್ಳುತ್ತಾರೆ. ಅಲ್ಲಿನ ಒಪ್ಪಂದಕ್ಕೆ ಸಹಿ ಹಾಕಿ ಎಂದು ಸಂಘ ಕೇಳಿತು. ಕಂಪನಿ ಒಪ್ಪಲಿಲ್ಲ. ನವೆಂಬರ್‌ನಲ್ಲಿ ಸಂಘದವರು ಶಾಲೆಯ ಮುಂದೆ ದಿಗ್ಬಂಧನ ಹಾಕಿದರು, ಆಮೇಲೆ ಎಲೆಕ್ಟ್ರಿಷಿಯನ್‌ಗಳೂ ಕೈ ಜೋಡಿಸಿದರು. ಕೆಲಸ ನಿಂತಿತು. ಲ್ಯಾಟ್ವಿಯಾದವರು ಊರಿಗೆ ಮರಳಿದರು, ಕಂಪನಿಯ ಸ್ವೀಡನ್ ಶಾಖೆ ದಿವಾಳಿಯಾಯಿತು. 2007ರ ಡಿಸೆಂಬರ್‌ನಲ್ಲಿ ಯುರೋಪಿಯನ್ ನ್ಯಾಯಾಲಯ ಕಂಪನಿಯ ಪರ ತೀರ್ಪು ಕೊಟ್ಟಾಗ ಉರಿದುಕೊಳ್ಳುವ ಸರದಿ ಸ್ವೀಡನ್ನಿನ ಕಾರ್ಮಿಕರದ್ದು.

ಯಾರದ್ದು ಸರಿ? ಇಷ್ಟು ವರ್ಷ ಹೋರಾಡಿ ಗಳಿಸಿದ ಕೂಲಿ ದರ ಬೀಳಬಾರದು ಅನ್ನುವುದು ನ್ಯಾಯವೇ. ಊರಲ್ಲಿ ಸಿಗುವುದಕ್ಕಿಂತ ಜಾಸ್ತಿ ಸಂಬಳ ಕೊಡುವ ಕೆಲಸ ಕೈಗೆ ಬಂದಾಗ ಬೇಡ ಅನ್ನು ಎಂದು ಲ್ಯಾಟ್ವಿಯಾದವನಿಗೆ ಹೇಳುವುದು ಹೇಗೆ? ಒಂದೇ ಜಾಗದಲ್ಲಿ ಒಂದೇ ಕೆಲಸಕ್ಕೆ ಒಂದೇ ಸಂಬಳ ಅನ್ನುವ ತತ್ವ ಒಕ್ಕೂಟದ ನಿಯಮಕ್ಕೆ ಸೇರುವ ಹೊತ್ತಿಗೆ 2018 ಆಗಿತ್ತು.

ಫ್ರಾನ್ಸಿನಲ್ಲಿ ಇದೇ ಭಯಕ್ಕೆ ‘ಪೋಲೆಂಡಿನ ಪ್ಲಂಬರ್’ ಅಂತ ಹೆಸರು ಬಿತ್ತು. ಕಡಿಮೆ ದುಡ್ಡಿಗೆ ನಲ್ಲಿ ರಿಪೇರಿ ಮಾಡಿ ನಮ್ಮವರ ಹೊಟ್ಟೆ ಮೇಲೆ ಹೊಡೆಯುತ್ತಾನೆ ಎಂದು ಒಕ್ಕೂಟದ ಸಂವಿಧಾನದ ಬಗ್ಗೆ ನಡೆದ 2005ರ ಜನಮತ ಗಣನೆಯ ಹೊತ್ತಿಗೆ ಅವನನ್ನು ಗುಮ್ಮನ ಹಾಗೆ ತೋರಿಸಿದರು. ಪೋಲೆಂಡಿನ ಪ್ರವಾಸೋದ್ಯಮ ಇಲಾಖೆ ಒಬ್ಬ ಸುಂದರ ಮಾಡೆಲ್‌ಗೆ ಪ್ಲಂಬರ್ ವೇಷ ಹಾಕಿಸಿ, ‘ನಾನಂತೂ ಇಲ್ಲೇ ಇರ್ತೀನಿ, ನೀವೇ ಬನ್ನಿ’ ಎಂದು ಪೋಸ್ಟರ್ ಮಾಡಿತು! ಬ್ರಿಟನ್ನಿನಲ್ಲಿ ಮಾತ್ರ ಇದು ನಗೆಯ ವಿಷಯವಾಗಿ ಉಳಿಯಲಿಲ್ಲ. ಹೊಸ ಸದಸ್ಯ ದೇಶಗಳಿಂದ ವರ್ಷಕ್ಕೆ 5,000ದಿಂದ 13,000 ಜನ ಬರಬಹುದು ಎಂದು ಅಂದಾಜು ಮಾಡಿದ್ದರು. 2011ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೋಲೆಂಡಿನಲ್ಲಿ ಹುಟ್ಟಿದವರೇ ಸುಮಾರು 5.8 ಲಕ್ಷ. ತೋಟದ ಕೆಲಸಕ್ಕೆ ಪೂರ್ವದವರು ಬಂದು ನೆಲೆಸಿದ ಇಂಗ್ಲೆಂಡಿನ ಬಾಸ್ಟನ್ ಎಂಬ ಊರಲ್ಲಿ 2016ರಲ್ಲಿ ನಾಲ್ಕರಲ್ಲಿ ಮೂರು ಭಾಗ ಮತ ಒಕ್ಕೂಟ ಬಿಡುವುದರ ಪರ ಬಿತ್ತು.

ಈಗ ಮೀನಿನ ಕಥೆಗೆ ಬರೋಣ. ನಗಬೇಡಿ, ಇದೇ ನನ್ನ ಮುಖ್ಯ ಸಾಕ್ಷಿ. ಸ್ಲೊವಾಕಿಯಾ, ಹಂಗೇರಿ, ಜೆಕ್ ದೇಶದ ಜನ ಗಡಿ ದಾಟಿ ಆಸ್ಟ್ರಿಯಾ, ಜರ್ಮನಿಗೆ ಶಾಪಿಂಗ್ ಹೋಗುತ್ತಾರೆ. ಅದೇ ಬ್ರ್ಯಾಂಡ್, ಅದೇ ಪೊಟ್ಟಣ, ಆದರೆ ನಮ್ಮೂರಲ್ಲಿ ಮಾರುವುದರಲ್ಲಿ ಸರಕು ಕಳಪೆ ಎಂದು ಅವರ ದೂರು. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಕೂತವರಿಗೆ ನೀರು ಬೆರೆಸಿದ ಪಾಯಸ ಬಡಿಸಿದ ಹಾಗೆ. ಕೊನೆಗೆ 2017ರಲ್ಲಿ ಒಕ್ಕೂಟದ ಆಡಳಿತ ನೋಡಿಕೊಳ್ಳುವ ಯುರೋಪಿಯನ್ ಆಯೋಗದ ಅಧ್ಯಕ್ಷ ಜಾನ್ ಕ್ಲಾಡ್ ಯುಂಕರ್ ತಮ್ಮ ವಾರ್ಷಿಕ ಭಾಷಣದಲ್ಲೇ, ಸ್ಲೊವಾಕಿಯಾದವರ ಫಿಶ್ ಫಿಂಗರ್‌ನಲ್ಲಿ ಮೀನು ಕಡಿಮೆ ಇರುವುದನ್ನು ಒಪ್ಪಲಾಗದು ಎಂಬ ಅರ್ಥದ ಮಾತಾಡಿದರು. ಆಯೋಗ 19 ದೇಶಗಳ ಸುಮಾರು 1,400 ಮಾದರಿಗಳನ್ನು ಪರೀಕ್ಷಿಸಿ 2019ರಲ್ಲಿ ವರದಿ ಕೊಟ್ಟಿತು. ಪೊಟ್ಟಣದ ಮುಖ ಒಂದೇ ಆಗಿದ್ದು ಒಳಗಿನ ಸರಕು ಬೇರೆಯಾಗಿದ್ದ ಪದಾರ್ಥ ಶೇ 9. ಆದರೆ ಪೂರ್ವಕ್ಕೆ ಒಂದು, ಪಶ್ಚಿಮಕ್ಕೆ ಒಂದು ಅನ್ನುವ ಲೆಕ್ಕ ಅದರಲ್ಲಿ ಕಾಣಲಿಲ್ಲ. ವರದಿ ಬಂದ ಮೇಲೂ ಅನುಮಾನ ಹೋಗಲಿಲ್ಲ. ಎರಡನೇ ದರ್ಜೆಯವರು ಎಂಬ ಭಾವನೆ ಮೊದಲೇ ಕೂತಿದ್ದರೆ ಲ್ಯಾಬ್ ವರದಿ ಏನು ಮಾಡೀತು?

ಹಾಗಾದರೆ ನಿರಾಶ್ರಿತರು, ಗರ್ಭಪಾತ, ಸಲಿಂಗಿಗಳ ಹಕ್ಕು? ಇಲ್ಲಿ ಭಿನ್ನಾಭಿಪ್ರಾಯ ನಿಜಕ್ಕೂ ಇದೆ. 2015ರ ಸೆಪ್ಟೆಂಬರ್‌ನಲ್ಲಿ 1,20,000 ನಿರಾಶ್ರಿತರನ್ನು ಹಂಚಿಕೊಳ್ಳುವ ನಿರ್ಧಾರಕ್ಕೆ ಹಂಗೇರಿ, ಜೆಕ್, ಸ್ಲೊವಾಕಿಯಾ, ರೊಮೇನಿಯಾ ವಿರುದ್ಧ ಮತ ಹಾಕಿದವು. ಬಹುಮತದಿಂದ ಅದನ್ನು ಪಾಸು ಮಾಡಿದರು. ಮೊದಲು ಮಾಸ್ಕೋದಿಂದ ಆದೇಶ ಬರುತ್ತಿತ್ತು, ಈಗ ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನಿಂದ, ಎಂದು ಹೇಳಲು ಹಂಗೇರಿಯ ವಿಕ್ಟರ್ ಓರ್ಬಾನ್‌ನಂಥ ನಾಯಕರಿಗೆ ಇದು ಸಾಕಾಯಿತು. ಈ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಮಾಸ್ಕೋ ಟ್ಯಾಂಕ್ ಕಳಿಸಿತ್ತು, ಬ್ರಸೆಲ್ಸ್ ಅನುದಾನ ತಡೆಹಿಡಿಯುತ್ತದೆ ಅಷ್ಟೆ. ಆದರೆ ಅವಮಾನ ಆಗಿದೆ ಎಂದುಕೊಂಡವರ ನಡುವೆ ಅದು ಚೆನ್ನಾಗಿ ಓಡುತ್ತದೆ.

ಪೂರ್ವ ಎಂದರೆ ಸಂಪ್ರದಾಯ, ಪಶ್ಚಿಮ ಎಂದರೆ ಉದಾರ ಅಂತ ಸುಮ್ನೆ ಗೆರೆ ಎಳೆಯುವುದೂ ಬೇಡ. ಎಸ್ಟೋನಿಯಾದಲ್ಲಿ 2024ರ ಜನವರಿಯಿಂದ ಸಲಿಂಗ ವಿವಾಹ ಕಾನೂನುಬದ್ಧ. ಕಮ್ಯುನಿಸಂ ಸುಳಿಯದ ಮಾಲ್ಟಾದಲ್ಲಿ ಗರ್ಭಪಾತಕ್ಕೆ ಯುರೋಪಿನಲ್ಲೇ ಅತಿ ಕಠಿಣ ಕಾನೂನುಗಳಲ್ಲೊಂದು ಇದೆ.

ಈ ಮುನಿಸು ಕಮ್ಯುನಿಸ್ಟ್ ಕಾಲದ ಬಳುವಳಿ ಮಾತ್ರವೂ ಅಲ್ಲ. ಉಕ್ರೇನ್ ಈಗ ಸದಸ್ಯತ್ವದ ಸಾಲಿನಲ್ಲಿದೆ. 2023ರ ಏಪ್ರಿಲ್‌ನಲ್ಲಿ ಅಲ್ಲಿಂದ ಬರುವ ಅಗ್ಗದ ಧಾನ್ಯವನ್ನು ತಡೆದಿದ್ದು ಪೋಲೆಂಡ್, ಹಂಗೇರಿ, ಸ್ಲೊವಾಕಿಯಾ. ಅದೇ ನವೆಂಬರ್‌ನಲ್ಲಿ ಪೋಲೆಂಡಿನ ಲಾರಿಯವರು ಉಕ್ರೇನ್ ಗಡಿಯಲ್ಲಿ ರಸ್ತೆ ಕಟ್ಟಿ ಕೂತರು. ಉಕ್ರೇನಿನವರು ಕಡಿಮೆ ಬಾಡಿಗೆಗೆ ಓಡಿಸಿ ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತಿದ್ದಾರೆ ಎಂಬುದು ಅವರ ದೂರು.